ಹೊಳೆ ಇಳಿದ ಮೇಲೆ

ಹೊಳೆಯ ದಂಡೆಯಲ್ಲಿ ಮನೆ ಕಟ್ಟಿಕೊಂಡವರಿಗೆ ಹೊಳೆ ಏರುವುದು ಹೊಸ ಸುದ್ದಿಯಲ್ಲ. ಕಂಪ್ಲಿಯ ಸೇತುವೆ ಮುಳುಗಿತೆಂದು ಯಾರಾದರೂ ಬಂದು ಹೇಳಿದರೆ ನಮ್ಮ ಕಡೆಯ ಜನ ಮೊದಲು ಕೇಳುವ ಪ್ರಶ್ನೆ “ಎಷ್ಟು ಬಿಟ್ಟಾರಂತೆ?” ಎಂಬುದು. ಬಿಟ್ಟವರು ಯಾರು, ಬಿಟ್ಟದ್ದು ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೊಸಪೇಟೆಯ ಅಣೆಕಟ್ಟಿನಿಂದ ಒಂದೂವರೆ ಎರಡು ಲಕ್ಷ ಕ್ಯೂಸೆಕ್ಸ್ ನೀರು ಹೊರಟಿತೆಂದರೆ ಹಂಪೆಯ ಪುರಂದರ ಮಂಟಪ ಮುಳುಗುತ್ತದೆ. ಕಂಪ್ಲಿಗೂ ಗಂಗಾವತಿಗೂ ನಡುವೆ ಬಸ್ಸು ನಿಲ್ಲುತ್ತದೆ. ಕೋಟೆಯ ಕಡೆಯ ತಗ್ಗಿನ ಮನೆಗಳವರು ಪಾತ್ರೆ ಪಡಗ ಕಟ್ಟಿಕೊಂಡು ಮೇಲಕ್ಕೆ ಬರುತ್ತಾರೆ. ನಾಲ್ಕು ದಿನಕ್ಕೆ ಹೊಳೆ ಇಳಿಯುತ್ತದೆ. ನೋಡಲು ಬಂದವರು ಹಿಂದಿರುಗುತ್ತಾರೆ. ಕೆಸರು ಬಳಿಯುವ ಕೆಲಸ ಹೆಂಗಸರ ಪಾಲಿಗೆ ಉಳಿಯುತ್ತದೆ.

ಹೊಳೆ ಇಳಿದ ಮೇಲೆ ಒಂದು ಊರು ಮತ್ತೆ ಊರಾಗುವುದಕ್ಕೆ ಎಷ್ಟು ಕಾಲ ಬೇಕು? ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ಯಾವ ಪುಸ್ತಕವನ್ನು ಓದಿಯೂ ಅಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಹರಿದು, ಗೇಟು ಕೊಚ್ಚಿಕೊಂಡು ಹೋಯಿತು. ಜಲಾಶಯ ತುಂಬಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋಯಿತು. ಕಂಪ್ಲಿಯಿಂದ ಇನ್ನೂ ಕೆಳಗೆ, ಸಿರುಗುಪ್ಪದ ಸೀಮೆಯಲ್ಲಿ, ಹೊಳೆಗೆ ಕೂಗಳತೆಯ ಒಂದು ಹಳ್ಳಿಯಲ್ಲಿ ನನ್ನ ತಾಯಿಯ ತಾಯಿ ಒಬ್ಬಳೇ ಇದ್ದಳು. ಊರಿನ ಹೆಸರನ್ನು ಹೇಳದೆ ಬಿಡುತ್ತೇನೆ. ಅಲ್ಲಿಯವರು ಇದನ್ನು ಓದಿದರೆ ತಮ್ಮದೇ ಎಂದು ತಿಳಿದುಕೊಳ್ಳುತ್ತಾರೆ. ಅಂಥ ಹಳ್ಳಿಗಳು ಈ ದಂಡೆಯಲ್ಲಿ ಹಲವಾರಿರುವುದರಿಂದ ಬೇರೆಯವರೂ ತಮ್ಮದೇ ಎಂದುಕೊಂಡರೆ ತಪ್ಪಾಗದು.

ಬೆಳಗಿನ ಜಾವ ನನ್ನ ಸೋದರಮಾವ ಮೋಟಾರ್ ಸೈಕಲ್ಲಿನ ಮೇಲೆ ಹೋಗಿ, ಅಜ್ಜಿಯನ್ನು ಎಬ್ಬಿಸಿ, ಒಂದೂವರೆ ಮೈಲಿ ದೂರದ ದಿಬ್ಬದ ಮೇಲಿರುವ “ಹೊಸ ಊರಿ”ಗೆ ಕರೆದುಕೊಂಡು ಹೋದ. ಅಲ್ಲಿ ಅವಳಿಗೆ ಒಂದು ಮನೆಯಿದೆ. ೨೦೦೯ರ ಪ್ರವಾಹದ ತರುವಾಯ ಕೊಟ್ಟ ಮನೆ. ಆದರೆ ಬೀಗ ತೆಗೆಯಲು ಹೋದರೆ ಬೀಗ ತುಕ್ಕು ಹಿಡಿದು ತೆರೆಯಲೇ ಇಲ್ಲ. ಕಲ್ಲಿನಿಂದ ಬಡಿದು ಒಡೆಯಬೇಕಾಯಿತು. ಒಳಗೆ ಯಾರೋ ಒಟ್ಟಿದ್ದ ಈರುಳ್ಳಿಯ ಸಿಪ್ಪೆ, ಇಲಿಯ ಬಿಲ, ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬೆರಳು ತೂರುವಷ್ಟು ಬಿರುಕು. ಅಜ್ಜಿ ಹೊಸ್ತಿಲ ಮೇಲೆ ನಿಂತು, “ಇದು ಮನಿ ಅಲ್ಲಪ್ಪಾ, ಬೀಗ ಹಾಕಾ ಪೆಟ್ಟಿಗಿ” ಎಂದಳಂತೆ.

ಅಣೆಕಟ್ಟಿನ ಗೇಟಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಗೇಟುಗಳ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಆಗಸ್ಟ್ ೧೭ರ ಹೊತ್ತಿಗೆ ಹರಿವನ್ನು ತಡೆದರು. ನಮ್ಮ ಹೊಸಪೇಟೆಯಲ್ಲಿ ಆ ದಿನ ಜನ ಹಬ್ಬದಂತೆ ಸಂತೋಷಪಟ್ಟರು. ಸಂತೋಷಪಡತಕ್ಕದ್ದೇ. ಎಲ್ಲ ೩೩ ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನವೂ ತರುವಾಯ ಬಂದಿತು. ಅಜ್ಜಿ ಮಾತ್ರ ೧೮ರ ಬೆಳಿಗ್ಗೆ ಗಂಟು ಕಟ್ಟಿಕೊಂಡು ಹಳೆಯ ಊರಿಗೆ ನಡೆದೇ ಹೊರಟುಹೋದಳು. ಒಡೆದ ಉಕ್ಕಿನ ಬಾಗಿಲಿಗೆ ಒಂದು ವಾರದಲ್ಲಿ ಪರಿಹಾರ ದೊರೆಯಿತು. ಒಡೆದ ಊರಿಗೆ ಹದಿನೈದು ವರ್ಷವಾದರೂ ದೊರೆಯಲಿಲ್ಲವೇಕೆ ಎಂದು ನಾನು ವಿಚಾರಿಸತೊಡಗಿದ್ದು ಅಂದಿನಿಂದ.

೨೦೦೯ರಲ್ಲಿ ನನಗೆ ನಾಲ್ಕು ವರ್ಷ. ನೆನಪಿರುವುದು ಯಾರದೋ ಹೆಗಲು ಮತ್ತು ಒದ್ದೆ ಕಂಬಳಿಯ ವಾಸನೆ, ಅಷ್ಟೆ. ಉಳಿದದ್ದನ್ನೆಲ್ಲ ಕೇಳಿ, ಓದಿ ತಿಳಿದುಕೊಂಡಿದ್ದೇನೆ. ಆ ವರ್ಷ ದೇಶದ ಬಹುಭಾಗಕ್ಕೆ ಮುಂಗಾರು ಕೈಕೊಟ್ಟಿತ್ತು. ಬರದ ಮಾತೇ ಎಲ್ಲೆಲ್ಲೂ. ಹೀಗಿರುವಾಗ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಆ ಮಳೆಯ ಮೋಡ ಆಂಧ್ರದ ತೀರವನ್ನು ದಾಟಿ ಒಳನಾಡಿಗೆ ಬಂದಿತು. ಹೆಸರಿಟ್ಟು ಕರೆಯುವಷ್ಟು ದೊಡ್ಡ ಚಂಡಮಾರುತವೂ ಅದಾಗಿರಲಿಲ್ಲ. ಬಿರುಗಾಳಿಯಾಗಿ ಬಂದಿದ್ದರೆ ಒಂದು ದಿನ ಹಾರಾಡಿ ಹೋಗುತ್ತಿತ್ತೇನೋ. ಇದು ಹೋಗದೆ ನಿಂತಿತು. ಸೆಪ್ಟೆಂಬರ್ ೨೮ರಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕದ ಬಯಲಿನ ಮೇಲೆ ಕುಂಭದ್ರೋಣ ಮಳೆ ಸುರಿಯಿತು.

ಮಲೆನಾಡಿನಲ್ಲಿ ಬಿದ್ದ ಮಳೆಯಾದರೆ ಅಣೆಕಟ್ಟು ಅಷ್ಟಿಷ್ಟು ತಡೆದುಕೊಂಡು, ಹೇಳಿ ಕೇಳಿ ಬಿಡುತ್ತದೆ. ಅಣೆಕಟ್ಟಿನ ಕೆಳಗೇ ಸುರಿದದ್ದನ್ನು ಯಾವ ಬಾಗಿಲು ತಡೆದೀತು? ನಾವು ಹಗರಿ ಎಂದು ಕರೆಯುವ ವೇದಾವತಿ ಬೇಸಗೆಯಲ್ಲಿ ಬರಿಯ ಮರಳು. ಮಕ್ಕಳು ಅದರಲ್ಲಿ ಚೆಂಡಾಡುತ್ತಾರೆ. ಮಳೆ ಬಂದಾಗ ಅದಕ್ಕೆ ತಾನೂ ಹೊಳೆಯೆಂಬ ನೆನಪಾಗುತ್ತದೆ. ಹಳ್ಳಕೊಳ್ಳಗಳೆಲ್ಲ ಕೂಡಿ ಅಕ್ಟೋಬರ್ ೨ರಂದು ಮಂತ್ರಾಲಯ ಮುಳುಗಿತು, ಕರ್ನೂಲು ನಗರ ಮುಳುಗಿತು. ನಮ್ಮ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬಿದ್ದ ಮನೆಗಳ ಲೆಕ್ಕ ಲಕ್ಷಗಳಲ್ಲಿ.

ಆ ಮನೆಗಳು ಬಿದ್ದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಏಕೆಂದರೆ ಪಟ್ಟಣದ ನಮ್ಮ ಮಿತ್ರರು ಹೊಳೆ ಬಂದು ಮನೆಯನ್ನು ಎತ್ತಿಕೊಂಡು ಹೋಯಿತೆಂದೇ ಭಾವಿಸುತ್ತಾರೆ. ಹೊಳೆ ಮುಟ್ಟದ ಊರುಗಳಲ್ಲೂ ಮನೆಗಳು ಬಿದ್ದವು. ನಮ್ಮ ಬಯಲುಸೀಮೆಯ ಮನೆ ಮಣ್ಣಿನ ದಪ್ಪ ಗೋಡೆಯದು; ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲುಮುದ್ದೆ. ಬಿಸಿಲಿಗೆ ಇಂಥ ಮನೆ ಬಹಳ ಹಿತ. ವರ್ಷವರ್ಷವೂ ಮಳೆಗಾಲದ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದರಿಂದ ಮೇಲಿನ ಭಾರ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತ ಹೋಗುತ್ತದೆ. ಒಂದು ಗಂಟೆಯ ಮಳೆಯಾದರೆ ನೀರು ದೋಣಿಯಿಂದ ಹರಿದುಹೋಗುತ್ತದೆ. ಐದು ದಿನ ಬಿಡದೆ ಹಿಡಿದರೆ ಆ ಮಣ್ಣು ನೀರನ್ನು ಕುಡಿದು ಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಮೇಲೆ ಭಾರ, ಕೆಳಗೆ ಕೆಸರು. ಅಜ್ಜಿಯ ಮನೆ ಬಿದ್ದದ್ದು ಹೀಗೆ, ಅದೂ ಹಿಂದಿನ ಅಂಕಣ ಮಾತ್ರ. ಹೊಳೆಯ ನೀರು ಆಮೇಲೆ ಬಂದು ಮುಂದಿನ ಪಡಸಾಲೆಯಲ್ಲಿ ಮೊಣಕಾಲುದ್ದ ನಿಂತು ಹೋಯಿತು. ಬಿದ್ದ ಅಂಕಣವನ್ನು ಅಜ್ಜ ಮರುವರ್ಷವೇ ಅದೇ ಮಣ್ಣಿನಿಂದ ಎತ್ತಿದ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಗಂಜಿ ಕೇಂದ್ರ, ಅಕ್ಕಿ ಸೀಮೆಎಣ್ಣೆ, ಬಿದ್ದ ಮನೆಯ ಪಟ್ಟಿ, ತಗಡಿನ ಷೆಡ್ಡು, ಇವೆಲ್ಲ ಒಂದಾದ ಮೇಲೊಂದು ಬಂದವು. ಬಳಿಕ ಸರಕಾರ “ಆಸರೆ” ಎಂಬ ಯೋಜನೆಯನ್ನು ಮಾಡಿತು. ಎತ್ತರದಲ್ಲಿ ಭೂಮಿಯನ್ನು ಕೊಂಡು, ದಾನಿಗಳ ನೆರವಿನಿಂದ ಹೊಸ ಮನೆಗಳನ್ನು ಕಟ್ಟಿಸಿ, ನದೀತೀರದ ಹಳ್ಳಿಗಳನ್ನೇ ಮೇಲಕ್ಕೆ ಸಾಗಿಸಬೇಕೆಂಬುದು ಅದರ ಉದ್ದೇಶ. ಉದ್ದೇಶವನ್ನು ಯಾರೂ ಹಳಿಯಲಾರರು. ಮುಖ್ಯಮಂತ್ರಿಗಳೇ ಬೀದಿಗಿಳಿದು ನಿಧಿ ಸಂಗ್ರಹಿಸಿದರು. ಜನ ಕೊಟ್ಟರು, ಸಂಸ್ಥೆಗಳೂ ಕೊಟ್ಟವು.

ಹಣದ ಮಾತು ಬಂದಾಗ ಸಂಡೂರಿನ ಬೆಟ್ಟಗಳನ್ನು ಮರೆಯುವಂತಿಲ್ಲ. ಆ ಕಾಲದಲ್ಲಿ ಅಲ್ಲಿಂದ ಹೊರಡುತ್ತಿದ್ದ ಅದಿರಿನ ಲಾರಿಗಳ ಸಾಲನ್ನು ನೋಡಿದವರು ಇನ್ನೂ ಹೇಳುತ್ತಾರೆ. ಹೊಸಪೇಟೆಯ ರಸ್ತೆಯ ಮರಗಳ ಎಲೆಯೂ ಕೆಂಪಾಗಿತ್ತಂತೆ. ಒಂದೊಂದು ಲಾರಿಗೆ ಸಾವಿರ ರೂಪಾಯಿನಂತೆ ವಸೂಲು ಮಾಡಿ ನೆರೆ ಸಂತ್ರಸ್ತರಿಗೆ ಮನೆ ಕಟ್ಟಿಸೋಣವೆಂಬ ಪ್ರಸ್ತಾಪ ೨೦೦೯ರಲ್ಲೇ ಬಂದಿತ್ತು. ಅದು ರಾಜಕೀಯದ ದೊಡ್ಡ ಕಲಹಕ್ಕೆ ಒಂದು ಕಾರಣವಾಯಿತು. ೨೦೧೧ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗಣಿಯಿಂದ ಕೆಟ್ಟ ನೆಲವನ್ನೂ ಅಲ್ಲಿಯ ಜನಜೀವನವನ್ನೂ ಸರಿಪಡಿಸಲು ಬೇರೊಂದು ನಿಧಿ ಬೇಕಾಯಿತು. ಅದಕ್ಕೊಂದು ನಿಗಮವನ್ನು ಕಟ್ಟಿದರು. ಮಳೆಯಿಂದ ಕೆಟ್ಟದ್ದನ್ನು ಕಟ್ಟಬೇಕಾದ ಬೆಟ್ಟವನ್ನು ಮನುಷ್ಯರೇ ಕೆಡಿಸಿದ್ದರಿಂದ ಅದನ್ನೂ ಕಟ್ಟಬೇಕಾಯಿತು ಎಂದರೆ ಅತಿಶಯೋಕ್ತಿಯಾಗಲಾರದು. ಇರಲಿ, ಅದು ಇನ್ನೊಂದು ಲೇಖನದ ವಿಷಯ.

ಹಣ ಸಾಲದೆ ಊರು ಕಟ್ಟಲಾಗಲಿಲ್ಲವೆಂದು ಹೇಳಿದರೆ ಅರ್ಧ ಸತ್ಯವಾಗುತ್ತದೆ. ಅಜ್ಜಿಯ ಹೊಸ ಊರಿನಲ್ಲಿ ಮನೆಗಳು ಎದ್ದವು. ಬೀದಿಗಳು ಗೆರೆ ಎಳೆದಂತೆ ನೇರವಾಗಿವೆ. ಒಂದೊಂದರಲ್ಲಿ ಒಂದು ಪಡಸಾಲೆ, ಒಂದು ಅಡಿಗೆಮನೆ, ಹಿಂದೆ ಬಚ್ಚಲು. ನಾನು ಕಾಲಿನಿಂದ ಅಳೆದೆ: ಪಡಸಾಲೆ ಉದ್ದಕ್ಕೆ ಆರು ಹೆಜ್ಜೆ, ಅಗಲಕ್ಕೆ ನಾಲ್ಕು. ಬಿದ್ದ ಮನೆಗೊಂದು ಮನೆ ಎಂಬುದು ಲೆಕ್ಕ. ಕಾಗದದ ಮೇಲೆ ನ್ಯಾಯವಾದ ಲೆಕ್ಕವೇ. ಆದರೆ ಹಳೆಯ ಒಂದು ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಎರಡು ಎಮ್ಮೆ, ಒಂದು ಜೋಡಿ ಎತ್ತು, ಬೀಜದ ಚೀಲ, ಮೇವಿನ ಹೊರೆ ಎಲ್ಲವೂ ಇದ್ದವು. ಹೊಸದರಲ್ಲಿ ಒಬ್ಬ ತಮ್ಮ ಹೋಗಿ ಕುಳಿತರೆ ಇಬ್ಬರು ಹೊರಗೆ. “ದನ ಎಲ್ಲಿ ಕಟ್ಲಿ?” ಎಂದು ಅಜ್ಜ ಕೇಳಿದ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ಹೊಲ ಹೊಳೆಯ ಪಕ್ಕದಲ್ಲಿ, ಮನೆ ದಿಬ್ಬದ ಮೇಲೆ. ರಾತ್ರಿ ಹೊತ್ತು ಭತ್ತದ ಗದ್ದೆಗೆ ನೀರು ತಿರುವಲು ಹೋಗುವವನು ಒಂದೂವರೆ ಮೈಲಿ ನಡೆದು ಹೋಗಿ ನಡೆದು ಬರಬೇಕು. ಕುಡಿಯುವ ನೀರಿನ ಟ್ಯಾಂಕು ಬಂದದ್ದು ಮನೆಗಳು ಬಂದ ಎಷ್ಟೋ ಕಾಲದ ಮೇಲೆ. ಅಷ್ಟರಲ್ಲಿ ಖಾಲಿ ಬಿದ್ದ ಮನೆಗಳ ಕಿಟಕಿ ಬಾಗಿಲುಗಳು ಕಾಣೆಯಾಗಿದ್ದವು. ಬೀದಿಯ ಎರಡೂ ಬದಿಗೆ ಬಳ್ಳಾರಿ ಜಾಲಿ ಬೆಳೆಯಿತು.

ಗೋಡೆಯ ಬಿರುಕಿಗೂ ಕಾರಣವಿದೆ. ನಮ್ಮ ಸೀಮೆಯ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಗೆಯಲ್ಲಿ ಎರೆಹೊಲದ ಬಿರುಕಿನೊಳಗೆ ಕೋಲು ಇಳಿಬಿಟ್ಟು ಆಡದ ಹುಡುಗರು ಯಾರಿದ್ದಾರೆ? ಅಂಥ ನೆಲದ ಮೇಲೆ ಕಟ್ಟುವುದಾದರೆ ಎರೆಮಣ್ಣನ್ನು ಆಳದವರೆಗೆ ತೆಗೆದು ಗರಸು ತುಂಬಿ, ಬುನಾದಿಯನ್ನು ಗಟ್ಟಿ ನೆಲದ ಮೇಲೆ ಕೂರಿಸಬೇಕು. ಇದು ನಮ್ಮ ಹಳ್ಳಿಯ ಗೌಂಡಿಗೂ ತಿಳಿದ ವಿದ್ಯೆ. ಅವಸರದಲ್ಲಿ, ಕಡಮೆ ಖರ್ಚಿನಲ್ಲಿ ಇದನ್ನು ಬಿಟ್ಟರೆ ನೆಲ ವರ್ಷಕ್ಕೊಮ್ಮೆ ಉಸಿರೆಳೆದು ಬಿಟ್ಟಂತೆ ಗೋಡೆ ಎದ್ದು ಬಿದ್ದು ಸೀಳುತ್ತದೆ. ಮಣ್ಣಿನ ಗೋಡೆಯಾದರೆ ಸ್ವಲ್ಪ ಬಾಗಿಕೊಂಡು ಸಹಿಸುತ್ತದೆ. ಸೀಳಿದರೂ ಮನೆಯಾಕೆಯೇ ಮಣ್ಣು ಮೆತ್ತಿ ಸಾರಿಸುತ್ತಾಳೆ. ಸಿಮೆಂಟಿನ ಗೋಡೆಯ ಬಿರುಕಿಗೆ ಪೇಟೆಯಿಂದ ಸಿಮೆಂಟನ್ನೂ ಕೂಲಿಯನ್ನೂ ತರಬೇಕು. ತಾನು ದುರಸ್ತಿ ಮಾಡಲಾರದ ಮನೆಯನ್ನು ಯಾರೂ ತನ್ನದೆಂದು ಭಾವಿಸುವುದಿಲ್ಲ. ಅಜ್ಜ ಬಿದ್ದ ಅಂಕಣವನ್ನು ಮರುವರ್ಷವೇ ಎತ್ತಿದನೆಂದು ಹೇಳಿದೆನಷ್ಟೆ. ಆ ಅಂಕಣವೇ ಹೊಸ ಮನೆಯನ್ನು ಸೋಲಿಸಿತು.

ಇದು ಒಂದು ಊರಿನ ಕತೆಯಲ್ಲ. ಮಲಪ್ರಭೆಯ ದಂಡೆಯಲ್ಲಿ, ಗದಗ ಜಿಲ್ಲೆಯ ಹೊಳೆಆಲೂರು, ಮೆಣಸಗಿಯ ಕಡೆಯಲ್ಲಿಯೂ ೨೦೦೯ರ ತರುವಾಯ ನವಗ್ರಾಮಗಳು ಎದ್ದವು. ಹಲವರು ಅಲ್ಲಿಗೆ ಹೋಗಲಿಲ್ಲ. ಹತ್ತು ವರ್ಷಕ್ಕೆ, ೨೦೧೯ರ ಆಗಸ್ಟ್‌ನಲ್ಲಿ, ಮಲಪ್ರಭೆ ಮತ್ತೆ ಉಕ್ಕಿ ಹಳೆಯ ಊರುಗಳ ಒಳಗೆ ಬಂದಾಗ ಅವರೆಲ್ಲ ಅದೇ ಮನೆಗಳಲ್ಲಿ ಇದ್ದರು. ಆ ತಿಂಗಳಲ್ಲಿಯೇ ಇಲ್ಲಿ ತುಂಗಭದ್ರೆ ಏರಿ, ಹಂಪೆಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗಳನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತಂದರು. ಪ್ರವಾಸಿಗಳಿಗೆ ಹಿಂದಿರುಗಲು ಬೇರೆ ಊರುಗಳಿದ್ದವು. ಹಳೆಯ ಊರನ್ನು ಬಿಡದವರನ್ನು ಕಂಡು “ಈ ಜನಕ್ಕೆ ಬುದ್ಧಿಯಿಲ್ಲ” ಎಂದು ಹೇಳುವವರು ಬಹಳ ಜನ. ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ನಾನೇ ಒಮ್ಮೆ ಹಾಗೆ ವಾದಿಸಿದ್ದೆ. ಬಹುಮಾನವೂ ಬಂದಿತು. ಈಗ ಆ ಬಹುಮಾನದ ಪುಸ್ತಕವನ್ನು ನೋಡಿದರೆ ನಾಚಿಕೆಯಾಗುತ್ತದೆ.

ಹಾಗಾದರೆ ಊರನ್ನು ಸಾಗಿಸುವುದೇ ಅಸಾಧ್ಯವೆ? ಇಲ್ಲ. ಅದಕ್ಕೆ ನಿದರ್ಶನ ಹೊಸಪೇಟೆಯ ಪಕ್ಕದಲ್ಲಿಯೇ ಇದೆ. ನನ್ನ ಸಹಪಾಠಿಯೊಬ್ಬನ ಊರು ಮರಿಯಮ್ಮನಹಳ್ಳಿ. ಅಜ್ಜಿಯ ವಿಷಯವನ್ನು ಕೇಳಿದ ಅವನು, “ನಮ್ಮೂರೇ ಮುಳುಗಿದ ಊರು, ಬಂದು ನೋಡು” ಎಂದು ಒಂದು ಭಾನುವಾರ ಕರೆದುಕೊಂಡು ಹೋದ. ತುಂಗಭದ್ರಾ ಅಣೆಕಟ್ಟಿಗೆ ೧೯೪೫ರಲ್ಲಿ ಅಡಿಗಲ್ಲು ಹಾಕಿದರು. ೧೯೫೩ರಲ್ಲಿ ನೀರು ನಿಲ್ಲಿಸಿದರು. ಆ ನೀರಿನ ಕೆಳಗೆ ಸುಮಾರು ೯೦ ಹಳ್ಳಿಗಳು ಹೋದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದುಹೋಗಬೇಕಾಯಿತು. ಈ ದಂಡೆ ಆಗ ಮದರಾಸು ಸರಕಾರದ್ದು, ಆ ದಂಡೆ ಹೈದರಾಬಾದಿನದು. ಬಳ್ಳಾರಿ ಮೈಸೂರಿಗೆ ಸೇರಿದ್ದು ಅದೇ ೧೯೫೩ರ ಅಕ್ಟೋಬರ್ ೧ರಂದು. ಮುಳುಗಿದವುಗಳಲ್ಲಿ ನಾರಾಯಣದೇವರಕೆರೆ ಒಂದು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು.

ಮಿತ್ರನ ಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಹಿನ್ನೀರಿನ ಕಡೆ ಕೈ ತೋರಿಸಿ ಮಾತನಾಡಿದರು. ಅವರ ಮಾತಿನಲ್ಲಿ ದುಃಖವಿತ್ತು, ಆದರೆ ಆ ದುಃಖಕ್ಕೆ ಈಗ ವಯಸ್ಸಾಗಿದೆ. ನಾನು ಗಮನಿಸಿದ್ದು ಬೇರೊಂದನ್ನು. ಅವರು ಬರುವಾಗ ದೇವರನ್ನು ಬಿಟ್ಟು ಬರಲಿಲ್ಲ. ಲಕ್ಷ್ಮೀನಾರಾಯಣ, ಆಂಜನೇಯ ಇಬ್ಬರನ್ನೂ ಕರೆತಂದರು. ಇಂದಿಗೂ ಆ ಇಬ್ಬರ ಜೋಡಿ ರಥೋತ್ಸವ ಈ ಊರಿನ ದೊಡ್ಡ ಹಬ್ಬ. ಕೇರಿಯವರು ಕೇರಿಯವರ ಪಕ್ಕದಲ್ಲಿಯೇ ಕುಳಿತರು. ಸಂತೆ ಕೂಡಿತು. ನಾಟಕದ ಕಂಪನಿಗಳು ಹುಟ್ಟಿದವು. ಮರಿಯಮ್ಮನಹಳ್ಳಿಯ ಕಲಾವಿದೆಯರ ಹೆಸರು ಕನ್ನಡ ರಂಗಭೂಮಿಯಲ್ಲಿ ತಿಳಿಯದವರಿಲ್ಲ. ೨೦೨೧ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ನೆಲೆ ಕಂಡದ್ದೂ ಈ ಊರಿನಲ್ಲಿಯೇ. ನೆಲೆ ತಪ್ಪಿದವರ ಊರು ಇನ್ನೊಬ್ಬರಿಗೆ ನೆಲೆ ಕೊಟ್ಟಿತೆಂಬುದು ನನಗೆ ಬಹಳ ದೊಡ್ಡದಾಗಿ ಕಂಡಿತು. ಅಲ್ಲಿಯವರಿಗೆ ಅನ್ಯಾಯವಾಗಲಿಲ್ಲವೆಂದು ಹೇಳುತ್ತಿಲ್ಲ. ಹೊಲ ಹೋಯಿತು, ಕೊಟ್ಟ ಪರಿಹಾರ ಎಷ್ಟೆಂದು ಕೇಳಿದರೆ ಹಿರಿಯರು ನಕ್ಕುಬಿಟ್ಟರು. ಹಿಂದಕ್ಕೆ ಹೋಗಲು ದಾರಿಯೇ ಇರಲಿಲ್ಲವೆಂಬುದನ್ನೂ ಮರೆಯಬಾರದು; ಹಳೆಯ ಊರು ನೀರಿನ ಕೆಳಗಿತ್ತು. ಅಜ್ಜಿಯ ಹಳೆಯ ಊರು ಬಿಸಿಲಿನಲ್ಲಿ ನಿಂತು ಕೈಬೀಸಿ ಕರೆಯುತ್ತಿದೆ. ಈ ವ್ಯತ್ಯಾಸ ಸಣ್ಣದಲ್ಲ.

ಹಿಂದಿರುಗುವಾಗ ಹಂಪೆಯನ್ನು ನೆನೆದೆ. ೧೫೬೫ರ ಯುದ್ಧದ ತರುವಾಯ ವಿಜಯನಗರ ಮತ್ತೆ ಏಳಲಿಲ್ಲ. ಕಲ್ಲಿನ ಮಂಟಪ, ಕಾಲುವೆ, ಬಜಾರಿನ ಸಾಲು, ಎಷ್ಟೊಂದು ಉಳಿದುಕೊಂಡಿವೆ! ಜನ ಮಾತ್ರ ಹೋದರು. ಆದರೂ ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆಯುತ್ತಲೇ ಬಂದುದರಿಂದ ಅದರ ಸುತ್ತ ಒಂದು ಸಣ್ಣ ಊರು ಉಳಿಯಿತು. ಕಟ್ಟಡಗಳು ಉಳಿದು ಊರು ಹೋದದ್ದು ಹಂಪೆ. ಕಟ್ಟಡಗಳು ಹೋಗಿ ಊರು ಉಳಿದದ್ದು ನಾರಾಯಣದೇವರಕೆರೆ. ಇತಿಹಾಸದ ಅಧ್ಯಾಪಕರು ಈ ಹೋಲಿಕೆಯನ್ನು ಒಪ್ಪುವರೋ ಇಲ್ಲವೋ ಅರಿಯೆ.

ದೂರದ ದೇಶಗಳಲ್ಲಿ ಏನು ಮಾಡಿದರೆಂದು ಗ್ರಂಥಾಲಯದಲ್ಲಿ ಹುಡುಕಿದೆ. ಅಮೆರಿಕದ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರಕ್ಕೆ ೧೯೦೦ರ ಸೆಪ್ಟೆಂಬರ್ ೮ರಂದು ಚಂಡಮಾರುತ ಬಡಿದು ಕಡಮೆಯೆಂದರೂ ಆರು ಸಾವಿರ ಜನ ಸತ್ತರು. ಆ ಊರಿನವರು ಬೇರೆ ಕಡೆಗೆ ಹೋಗಲೊಪ್ಪಲಿಲ್ಲ. ಹದಿನೇಳು ಅಡಿ ಎತ್ತರದ ಗೋಡೆಯನ್ನು ಸಮುದ್ರಕ್ಕೆ ಅಡ್ಡ ಕಟ್ಟಿದರು. ಅಷ್ಟಕ್ಕೆ ನಿಲ್ಲದೆ ಊರನ್ನೇ ಎತ್ತಿದರು! ಸುಮಾರು ಎರಡು ಸಾವಿರ ಕಟ್ಟಡಗಳನ್ನು ಜಾಕಿಗಳ ಮೇಲೆ ಎತ್ತಿ ಹಿಡಿದು, ಕೆಳಗೆ ಮರಳನ್ನು ತುಂಬಿಸಿದರು. ವರ್ಷಗಟ್ಟಲೆ ಜನ ಹಲಗೆಯ ಕಾಲುದಾರಿಗಳ ಮೇಲೆ ನಡೆದಾಡಿದರು. ನಮ್ಮ ದೇಶದ ಒಡಿಶಾದಲ್ಲಿ ೧೯೯೯ರ ಅಕ್ಟೋಬರ್ ೨೯ರ ಮಹಾಚಂಡಮಾರುತಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಜನ ಬಲಿಯಾದರು. ಅಲ್ಲಿಯವರು ಆರಿಸಿಕೊಂಡ ದಾರಿ ಇನ್ನೊಂದು. ಕರಾವಳಿಯ ಊರುಗಳನ್ನು ಕೀಳಲಿಲ್ಲ; ಊರಿನ ಪಕ್ಕದಲ್ಲಿ ಕಂಬಗಳ ಮೇಲೆ ಗಟ್ಟಿಯಾದ ಆಶ್ರಯಮಂದಿರಗಳನ್ನು ಕಟ್ಟಿದರು. ಮಳೆಗಾಳಿ ಇಲ್ಲದ ದಿನಗಳಲ್ಲಿ ಹಲವೆಡೆ ಅವೇ ಶಾಲೆ. ೨೦೧೩ರಲ್ಲಿ ಫೈಲಿನ್ ಬಂದಾಗ ಲಕ್ಷಾಂತರ ಜನ ಮುಂಚೆಯೇ ಹೊರಟುಬಂದರು. ಸತ್ತವರು ನೂರರ ಒಳಗೆ.

ಶಾಲೆಯಾಗಿರುವ ಆಶ್ರಯ ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ದಿನವೂ ಕಾಲಿಡುವ ಜಾಗಕ್ಕೆ ಅಪಾಯದ ರಾತ್ರಿಯಲ್ಲೂ ಕಾಲು ತಾನಾಗಿ ನಡೆಯುತ್ತದೆ. ಹದಿನೈದು ವರ್ಷ ಬೀಗ ಹಾಕಿದ ಮನೆಗೆ ನಡೆಯುವುದಿಲ್ಲ. ಅಜ್ಜಿಯನ್ನು ಒಮ್ಮೆಲೇ ಎತ್ತಿಕೊಂಡು ಹೋಗಿ ದಿಬ್ಬದ ಮೇಲೆ ಕೂರಿಸುವ ಹಟವನ್ನು ನಾವು ಬಿಡಬೇಕೆಂದು ಸೋದರಮಾವನಿಗೆ ಹೇಳಿದೆ. ಆಷಾಢದಿಂದ ದೀಪಾವಳಿಯವರೆಗೆ ಮೇಲಿನ ಊರು, ಉಳಿದ ತಿಂಗಳು ಕೆಳಗಿನದು, ಹೀಗಾದರೂ ಆಗಲಿ. ಹೊಲದ ಗುಡಿಸಲಿಗೆ ಹೋಗಿ ಇರುವುದು ನಮ್ಮವರಿಗೆ ಹೊಸತೆ? ಮಾವ ನಕ್ಕು, “ಮೊದಲು ಮನಿ ಯಾರ ಹೆಸರಿಗೈತಿ ನೋಡು” ಎಂದ.

ಹಕ್ಕುಪತ್ರ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಹತ್ತು ವರ್ಷವಾಯಿತು. ಪೌತಿಯ ಮೇಲೆ ಅಜ್ಜಿಯ ಹೆಸರಿಗೆ ಬರದಿದ್ದರೆ ಬಿರುಕು ಮುಚ್ಚಲು ಸಾಲವೂ ಸಿಗದು, ಸಹಾಯಧನವೂ ಸಿಗದು. ಅರ್ಜಿಯನ್ನು ನಾನೇ ಬರೆದೆ; ಈ ಕಾಲೇಜಿನಲ್ಲಿ ಕಲಿತ ಕನ್ನಡ ಅಷ್ಟಕ್ಕಾದರೂ ಬಂದಿತು. ಒಂದು ಕಚೇರಿಯಲ್ಲಿ ಮರಣದ ದಾಖಲೆ ಬೇಕೆಂದರು, ಇನ್ನೊಂದರಲ್ಲಿ ವಂಶವೃಕ್ಷ, ಮತ್ತೊಂದರಲ್ಲಿ ಹಳೆಯ ಊರಿನ ಮನೆಯನ್ನು ಬಿಟ್ಟುಕೊಟ್ಟ ಬಗ್ಗೆ ಬರೆಹ. ಮೂರನೆಯದಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. “ಕೊಟ್ಟದ್ದಕ್ಕೆ ಹೆಬ್ಬಟ್ಟು ಒತ್ತೀನಿ. ಬಿಟ್ಟದ್ದಕ್ಕೆ ಒತ್ತಂಗಿಲ್ಲ” ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕಚೇರಿಯ ಗುಮಾಸ್ತರೂ ಒಳ್ಳೆಯವರೇ, ತಲೆ ಕೆರೆದುಕೊಂಡರು. ಅರ್ಜಿ ಈಗಲೂ ಅಲ್ಲಿಯೇ ಇದೆ.

ಈ ನಡುವೆ ಊರಿನ ಯುವಕರು ಕೂಡಿ ಒಂದು ಕೆಲಸ ಮಾಡಿದರು. ನಾನು ಮರಿಯಮ್ಮನಹಳ್ಳಿಯ ತೇರಿನ ವಿಷಯವನ್ನು ಹೇಳಿದ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಜಂಬ ಕೊಚ್ಚಿಕೊಳ್ಳಲಾರೆ, ಅವರಿಗೇ ತೋಚಿರಬಹುದು. ಕಳೆದ ಜಾತ್ರೆಯಲ್ಲಿ ಸುಂಕ್ಲಮ್ಮನ ಮೆರವಣಿಗೆಯನ್ನು ಹಳೆಯ ಊರಿನ ಅಗಸೆಯಲ್ಲಿ ತಿರುಗಿಸದೆ, ಜಾಲಿ ಕಡಿದು ದಾರಿ ಮಾಡಿ, ಹೊಸ ಊರಿನವರೆಗೆ ಒಯ್ದರು. ಅಲ್ಲಿ ಒಂದು ಬೇವಿನ ಗಿಡವಿದೆ; ಯಾರು ನೆಟ್ಟದ್ದೋ, ಈಗ ಆಳೆತ್ತರ ದಾಟಿದೆ. ಅದರ ಕೆಳಗೆ ಅಮ್ಮನನ್ನು ಒಂದು ರಾತ್ರಿ ಇಳಿಸಿದರು. ದೇವರು ಇಳಿದ ಮೇಲೆ ಕಾವಲಿಗೆ ಜನ ಬೇಕಲ್ಲವೆ? ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಆ ನೇರವಾದ ಬೀದಿಗಳಲ್ಲಿ ಒಲೆಗಳು ಹೊತ್ತಿದವು. ಅಜ್ಜಿಯೂ ತನ್ನ ಪೆಟ್ಟಿಗೆಯಂಥ ಮನೆಯಲ್ಲಿ ಒಲೆ ಹೂಡಿದಳು. ರೊಟ್ಟಿ ಬಡಿಯುವ ಸದ್ದು ಬಿರುಕಿನಿಂದ ಪಕ್ಕದ ಮನೆಗೆ ಕೇಳುತ್ತಿತ್ತು. ಆ ಮನೆಯಾಕೆ ಅಲ್ಲಿಂದಲೇ ಮಾತನಾಡಿಸಿದಳು. ಮರುದಿನ ಬೆಳಿಗ್ಗೆ ಎಮ್ಮೆ ಹಿಂಡಬೇಕೆಂದು ಅಜ್ಜಿ ಕೆಳಗೆ ಹೊರಟುಹೋದಳು.

ಹೋಗುವಾಗ ಹಿತ್ತಿಲನ್ನು ಒಂದು ಸುತ್ತು ಹಾಕಿ ನೋಡಿ, “ಇಲ್ಲಿ ಎರಡು ಅಂಕಣ ತಗಡು ಹಾಕಿದ್ರ ಎಮ್ಮಿ ನಿಂದ್ರತೈತಿ” ಎಂದಳು. ಕಂಪ್ಲಿಯ ಅಂಗಡಿಯಿಂದ ತಗಡನ್ನು ತಂದಾಗಿದೆ. ಬೋದುಗೆಗೆ ಹಳೆಯ ಮನೆಯ ಎರಡು ಜಂತಿಗಳನ್ನು ಕೊಡಲು ಅವಳೇ ಒಪ್ಪಿದ್ದಾಳೆ. ಪರೀಕ್ಷೆ ಮುಗಿದೊಡನೆ ನಾನೂ ಮಾವನೂ ಹೋಗಿ ಕಂಬ ನೆಡುವುದು, ಗ್ವಾದಲಿ ಕಟ್ಟುವುದು ಬಾಕಿಯಿದೆ.